ಎರೆನೆಲದಲ್ಲಿ ಮೊದಲ ಕೈತೋಟ: ಒಂದು ವಿಮರ್ಶೆ

ಜಮಖಂಡಿ ತಾಲ್ಲೂಕಿನ ತುಬಚಿ ಮತ್ತು ಅದರ ಆಸುಪಾಸಿನ ಕೃಷ್ಣಾತೀರದ ಹಳ್ಳಿಗಳಲ್ಲಿ ನೀರಾವರಿ ಹರಡಿದಂತೆ ಹೊಲವೆಲ್ಲ ಕಬ್ಬಿಗೆ ಸಂದಿತು, ಮನೆಗೆ ಬೇಕಾದ ಕಾಯಿಪಲ್ಯ ಹೊಲದಿಂದ ಬರುವುದು ತಪ್ಪಿ ವಾರದ ಸಂತೆಯಿಂದ ಬರುವಂತಾಯಿತು. ಈ ಕೊರತೆಯನ್ನು ತುಂಬಲೆಂದು ಕಳೆದ ಕೆಲವು ವರ್ಷಗಳಿಂದ ಪೌಷ್ಟಿಕ ಕೈತೋಟದ ಕಲ್ಪನೆ, ಅಂದರೆ ಒಂದು ಕುಟುಂಬದ ವರ್ಷದ ತರಕಾರಿಯನ್ನು ಮನೆಯ ಮಗ್ಗುಲಲ್ಲೇ ಬೆಳೆದುಕೊಳ್ಳುವ ಸಣ್ಣ ತೋಟದ ಕಲ್ಪನೆ, ಸರಕಾರದ ಹಲವು ಯೋಜನೆಗಳ ಮೂಲಕ ಪ್ರಚಾರಕ್ಕೆ ಬಂದಿದೆ. 2018ರಲ್ಲಿ ಆರಂಭವಾದ ಪೋಷಣ ಅಭಿಯಾನ ಅಂಗನವಾಡಿಗಳ ಅಂಗಳಕ್ಕೆ ಇದನ್ನು ತಂದರೆ, 2019ರಲ್ಲಿ ಕೇಂದ್ರ ಶಿಕ್ಷಣ ಇಲಾಖೆ ಹೊರಡಿಸಿದ ಮಾರ್ಗಸೂಚಿ ಶಾಲೆಯ ಆವರಣಕ್ಕೆ ತಂದಿತು. ಉದ್ದೇಶದ ಒಳ್ಳೆಯತನದ ಬಗ್ಗೆ ಎರಡು ಮಾತಿಲ್ಲ. ಆದರೆ ಮೊದಲ ಸಲ ಗುದ್ದಲಿ ಹಿಡಿಯುವವರ ಕೈಗೆ ಬರುವ ಮಾದರಿ ಈ ನೆಲಕ್ಕೆ ಎಷ್ಟರಮಟ್ಟಿಗೆ ಹೊಂದುತ್ತದೆ ಎಂಬುದನ್ನು ನಿಷ್ಠುರವಾಗಿ ಪರಿಶೀಲಿಸಬೇಕಾದ ಅಗತ್ಯ ಇದೆ.

ತೋಟಗಾರಿಕೆಯ ಪಠ್ಯಗಳು ಐದಾರು ಮಂದಿಯ ಕುಟುಂಬಕ್ಕೆ ಸುಮಾರು 200ರಿಂದ 250 ಚದರ ಮೀಟರ್ ಕೈತೋಟ ಸಾಕೆನ್ನುತ್ತವೆ; ಊರ ಲೆಕ್ಕದಲ್ಲಿ ಇದು ಎರಡರಿಂದ ಎರಡೂವರೆ ಗುಂಟೆ. ಬ್ರಿಟನ್ನಿನಲ್ಲಿ 1908ರ ಕಾಯಿದೆಯ ಬಲದಿಂದ ಸ್ಥಳೀಯ ಸಂಸ್ಥೆಗಳು ನಾಗರಿಕರಿಗೆ ಗೇಣಿಗೆ ಕೊಡುತ್ತ ಬಂದಿರುವ ತರಕಾರಿ ತುಂಡುಗಳ ರೂಢಿಯ ಅಳತೆಯೂ ಹೆಚ್ಚುಕಡಿಮೆ ಇಷ್ಟೇ ಎಂಬುದು ಗಮನಾರ್ಹ. ಎರಡೂ ಕಡೆ ಅಳತೆಗೆ ಆಧಾರವಾಗಿರುವುದು ಒಂದು ಮನೆಯ ಊಟದ ಅಗತ್ಯ. ವರ್ಷವಿಡೀ ತುಂತುರು ಮಳೆ ಬೀಳುವ ನಾಡಿನಲ್ಲಿ ಆ ಆಧಾರ ಸರಿಯೇ. ವರ್ಷಕ್ಕೆ 600 ಮಿಲಿಮೀಟರ್ ಮಳೆಯೂ ಖಾತ್ರಿಯಿಲ್ಲದ, ಅದರಲ್ಲಿಯೂ ಹೆಚ್ಚಿನ ಪಾಲು ಜೂನ್‌ನಿಂದ ಅಕ್ಟೋಬರ್‌ವರೆಗಿನ ತಿಂಗಳುಗಳಲ್ಲೇ ಸುರಿದು ಮುಗಿಯುವ ಬಾಗಲಕೋಟೆ ಜಿಲ್ಲೆಯಲ್ಲಿ ಕೈತೋಟವನ್ನು ನೀರಿನಿಂದ ಅಳೆಯಬೇಕೇ ಹೊರತು ಊಟದಿಂದಲ್ಲ.

ಲೆಕ್ಕ ಸರಳವಾದದ್ದು. ಚಳಿಗಾಲದಲ್ಲಿ ತರಕಾರಿ ಮಡಿಗೆ ದಿನಕ್ಕೆ ಚದರ ಮೀಟರಿಗೆ ಸುಮಾರು ನಾಲ್ಕೈದು ಲೀಟರ್ ನೀರು ಬೇಕಾಗುತ್ತದೆ, ಬೇಸಿಗೆಯಲ್ಲಿ ಅದು ಏಳೆಂಟು ಲೀಟರಿಗೆ ಏರುತ್ತದೆ. ಎರಡೂವರೆ ಗುಂಟೆಯ ತೋಟ ಚಳಿಗಾಲದಲ್ಲೇ ದಿನವೊಂದಕ್ಕೆ ಸಾವಿರ ಲೀಟರಿಗೂ ಮಿಗಿಲಾಗಿ ಕೇಳುತ್ತದೆ. ಜಲಜೀವನ ಮಿಷನ್ನಿನ ಮಾನದಂಡ ತಲೆಗೆ ದಿನಕ್ಕೆ 55 ಲೀಟರ್. ಐದು ಜನರ ಮನೆಗೆ ಬರುವುದು ಒಟ್ಟು 275 ಲೀಟರ್, ಅದರಲ್ಲಿ ಬಚ್ಚಲಿನಿಂದ ಮತ್ತು ಕಾಯಿಪಲ್ಯ ತೊಳೆದ ಪಾತ್ರೆಯಿಂದ ಹಿತ್ತಲಿಗೆ ಹರಿಯಬಹುದಾದದ್ದು ಹೆಚ್ಚೆಂದರೆ ನೂರು ನೂರಿಪ್ಪತ್ತು ಲೀಟರ್. ಇಷ್ಟು ನೀರು ಇಪ್ಪತ್ತೈದು ಚದರ ಮೀಟರಿಗೆ, ಅಂದರೆ ಕಾಲು ಗುಂಟೆಗೆ, ಸರಿಹೋಗುತ್ತದೆ. ಊರೊಳಗಿನ ಮನೆಯ ಮೊದಲ ಕೈತೋಟ ಕಾಲು ಗುಂಟೆಯನ್ನು ಮೀರಬಾರದು ಎಂಬ ಒಂದೇ ಒಂದು ಸೂಚನೆ ಮಾರ್ಗಸೂಚಿಗಳ ಮೊದಲ ಪುಟದಲ್ಲಿ ಇದ್ದಿದ್ದರೆ, ಸಂಕ್ರಾಂತಿಯ ಹೊತ್ತಿಗೆ ಒಣಗಿ ಬೇಲಿಯಷ್ಟೇ ಉಳಿಯುವ ತೋಟಗಳ ಸಂಖ್ಯೆ ಖಂಡಿತ ಕಡಿಮೆಯಾಗುತ್ತಿತ್ತು. ಬಟ್ಟೆ ಒಗೆದ ಪುಡಿಯ ನೀರನ್ನು ಮಾತ್ರ ಇದರಿಂದ ಹೊರಗಿಡಬೇಕು. ಅದರ ಸೋಡಿಯಂ ಅಂಶ ಮೊದಲೇ ಕ್ಷಾರದತ್ತ ವಾಲಿರುವ ಎರೆಮಣ್ಣನ್ನು ಇನ್ನಷ್ಟು ಕೆಡಿಸುತ್ತದೆ.

ಮಾದರಿಯ ಎರಡನೆಯ ದೋಷ ಮಣ್ಣಿಗೆ ಸಂಬಂಧಿಸಿದ್ದು, ಮತ್ತು ಇದು ಹೆಚ್ಚು ಗಂಭೀರವಾದದ್ದು. ಸಿದ್ಧ ನಕ್ಷೆಗಳು ನೀರು ಇಂಗುವ, ಕೈಗೆ ಸಡಿಲವಾಗಿ ಸಿಗುವ ಕೆಂಪು ಮಣ್ಣನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಂತಿವೆ. ಕೃಷ್ಣೆಯ ದಂಡೆಯ ಎರೆ, ಅಂದರೆ ಜಿಗುಟಾದ ಕಪ್ಪು ಮಣ್ಣು, ಬೇರೆಯೇ ಸ್ವಭಾವದ್ದು: ನೀರು ಕುಡಿದಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗಿ ಕೈ ತೂರುವಷ್ಟು ಅಗಲದ ಬಿರುಕು ಬಿಡುತ್ತದೆ, ಆ ಬಿರುಕು ಎಳೆಯ ಬೇರುಗಳನ್ನು ಹರಿಯುತ್ತದೆ. ಹಸಿ ಇರುವಾಗ ಅಗೆದರೆ ಹೆಂಟೆ ಕಟ್ಟಿ ಇಟ್ಟಿಗೆಯಾಗುತ್ತದೆ, ಪೂರ್ತಿ ಒಣಗಿದಾಗ ಗುದ್ದಲಿಯೇ ಇಳಿಯುವುದಿಲ್ಲ. ಇವೆರಡರ ನಡುವೆ ಕೆಲವೇ ದಿನ ಇರುವ ಸ್ಥಿತಿಗೆ ರೈತರು ಹದ ಎನ್ನುತ್ತಾರೆ. ಒಂದು ಹಿಡಿ ಮಣ್ಣನ್ನು ಅಂಗೈಯಲ್ಲಿ ಒತ್ತಿ ಉಂಡೆ ಮಾಡಿ ಸೊಂಟದೆತ್ತರದಿಂದ ಬಿಟ್ಟಾಗ ಅದು ನೆಲ ಮುಟ್ಟಿ ಪುಡಿಯಾಗಿ ಚೆದುರಿದರೆ ಹದ ಬಂದಿದೆ, ಚಪ್ಪಟೆಯಾಗಿ ಅಂಟಿ ಕೂತರೆ ಇನ್ನೂ ಕಾಯಬೇಕು. ಹೊಸಬರಿಗೆ ಕಲಿಸಬೇಕಾದ ಮೊದಲ ಪಾಠ ಇದು. ಬೀಜದ ಪಟ್ಟಿಗೆ ಅದರ ನಂತರದ ಸ್ಥಾನ.

ಇದರ ಜೊತೆಗೆ ಜಮಖಂಡಿ, ಮುಧೋಳ ಭಾಗದಲ್ಲಿ ಕಬ್ಬಿಗೆ ಹರಿಸಿದ ನೀರು ಬಸಿದು ಹೋಗಲು ದಾರಿಯಿಲ್ಲದೆ ನೆಲ ಸವಳು-ಜವಳಾದ ಪ್ರದೇಶ ಸಾಕಷ್ಟಿದೆ. ಸವಳು ಎಂದರೆ ಉಪ್ಪು ಮೇಲೇರಿ ಬಿಳಿಯ ಹೊದಿಕೆಯಂತೆ ಕಾಣಿಸಿಕೊಳ್ಳುವುದು, ಜವಳು ಎಂದರೆ ಬೇರಿನ ಮಟ್ಟದಲ್ಲಿ ಸದಾ ನೀರು ನಿಂತಿರುವುದು. ಇಂಥ ಕಡೆ ತೋಟದ ಮನೆಯವರು ಕೊಳವೆಬಾವಿಯ ನೀರು ಬೇಕಾದಷ್ಟಿದೆಯೆಂದು ದೊಡ್ಡ ಮಡಿ ಹಾಕಿದರೂ ಮೊಳೆತ ಮೆಂತೆ ಎರಡೆಲೆಗೇ ಸುಟ್ಟುಹೋಗುವುದುಂಟು. ಮಣ್ಣು ಮತ್ತು ನೀರು ಎರಡನ್ನೂ ಮೊದಲೇ ಪರೀಕ್ಷೆಗೆ ಕೊಡುವುದು, ನೆಲದಿಂದ ಗೇಣೆತ್ತರ ಏರಿಸಿದ, ನಡುವಿನವರೆಗೆ ಕೈ ನಿಲುಕುವಂತೆ ನಾಲ್ಕಡಿ ಅಗಲಕ್ಕೆ ಸೀಮಿತವಾದ ಏರು ಮಡಿಗಳನ್ನು ಮಾಡುವುದು, ಚದರ ಮೀಟರಿಗೆ ಎರಡರಿಂದ ಎರಡೂವರೆ ಕಿಲೋ ಕಳಿತ ತಿಪ್ಪೆಗೊಬ್ಬರ ಬೆರೆಸುವುದು ಇಲ್ಲಿ ಅನಿವಾರ್ಯ. ಕಾಲು ಗುಂಟೆಗೆ ಅರವತ್ತು ಕಿಲೋದಷ್ಟು ಗೊಬ್ಬರ ಸಾಕು, ಒಂದು ಎಮ್ಮೆಯಿರುವ ಮನೆಗೂ ಅದು ಭಾರವಲ್ಲ. ಕಬ್ಬು ಕಡಿದ ಮೇಲೆ ಹೊಲದಲ್ಲಿ ಸುಡುವ ರವದಿಯನ್ನು, ಅಂದರೆ ಒಣಗಿದ ಕಬ್ಬಿನ ಎಲೆಯನ್ನು, ಮಡಿಯ ಮೇಲೆ ಹೊದಿಸಿದರೆ ಬಿರುಕೂ ಕಡಿಮೆ, ನೀರೂ ಉಳಿತಾಯ. ಊರ ತುಂಬ ಪುಕ್ಕಟೆ ಸಿಗುವ ಈ ವಸ್ತುವನ್ನು ಮಾರ್ಗಸೂಚಿಗಳು ಮರೆತದ್ದು ನಿಜಕ್ಕೂ ಖೇದದ ಸಂಗತಿ.

ಕಾಲದ ವಿಚಾರದಲ್ಲಿಯೂ ತಿದ್ದುಪಡಿ ಬೇಕು. ಜೂನ್‌ನಲ್ಲಿ ಬೀಜ ಹಂಚುವ ರೂಢಿ ಎರೆಭೂಮಿಗೆ ಒಪ್ಪುವುದಿಲ್ಲ, ಮುಂಗಾರಿನ ಕೆಸರಿನಲ್ಲಿ ಹೊಸಬರ ಮಡಿ ನಿಲ್ಲುವುದಿಲ್ಲ. ಸೀಗೆ ಹುಣ್ಣಿಮೆಯ ಸುತ್ತಮುತ್ತ, ಹಿಂಗಾರಿ ಜೋಳದ ಬಿತ್ತನೆಯ ವೇಳೆಗೆ, ಮೆಂತೆ, ಕೊತ್ತಂಬರಿ, ಹಕ್ಕರಕಿ, ರಾಜಗಿರಿ, ಮೂಲಂಗಿಗಳಿಂದ ತೊಡಗುವುದು ಹೆಚ್ಚು ಸುರಕ್ಷಿತ. ಇವುಗಳಲ್ಲಿ ಸೊಪ್ಪುಗಳು ತಿಂಗಳೊಳಗೆ ಕೈಗೆ ಬರುವುದರಿಂದ ಕಲಿಯುವವರ ಉತ್ಸಾಹ ಕುಂದುವುದಿಲ್ಲ.

ಈ ಪ್ರದೇಶದ ಹೆಣ್ಣುಮಕ್ಕಳಿಗೆ ಇದಾವುದೂ ಹೊಸದಲ್ಲ. ಜೋಳದ ಹೊಲದಲ್ಲಿ ಮುಖ್ಯ ಬೆಳೆಯ ನಡುವೆ ಇಂತಿಷ್ಟು ಸಾಲಿಗೊಂದರಂತೆ ಬೇರೆ ಬೇರೆ ಕಾಳು, ಸೊಪ್ಪು, ಬಳ್ಳಿಗಳನ್ನು ಬಿತ್ತುವ ಅಕ್ಕಡಿ ಸಾಲಿನ ಪದ್ಧತಿಯಲ್ಲಿ ಅಲಸಂದಿ, ಪುಂಡಿ, ಸವತಿ, ತೊಗರಿ ಎಲ್ಲವೂ ಒಂದೇ ಹೊಲದಿಂದ ಮನೆಗೆ ಬರುತ್ತಿದ್ದವು; ಹೊಲದ ಅಂಚಿಗೆ ಮುಳ್ಳಿನ ಕುಸುಬಿ ಹಾಕಿ ದನ ಒಳನುಗ್ಗದಂತೆ ಮಾಡಲಾಗುತ್ತಿತ್ತು. ಯಾವ ಬೆಳೆಯ ಪಕ್ಕ ಯಾವುದು ನಿಲ್ಲುತ್ತದೆ, ಯಾವುದು ನೀರಿಲ್ಲದೆ ತಾಳುತ್ತದೆ ಎಂಬ ತಿಳಿವಳಿಕೆ ಈ ಪದ್ಧತಿಯೊಳಗೇ ಅಡಗಿತ್ತು. ಕಬ್ಬು ಬಂದ ಮೇಲೆ ಅಕ್ಕಡಿ ಹಿಂದೆ ಸರಿಯಿತು, ಆದರೆ ಅದನ್ನು ಬಿತ್ತಿದ ಅಜ್ಜಿಯಂದಿರು ಇನ್ನೂ ಇದ್ದಾರೆ. ಕೈತೋಟದ ತರಬೇತಿಗಳು ಅವರನ್ನು ಕೇಳುಗರ ಸಾಲಿನಲ್ಲಿ ಕೂರಿಸಿದ್ದು ಈ ಕಾರ್ಯಕ್ರಮದ ಅತಿ ದೊಡ್ಡ ನಷ್ಟ. ಪಾಠ ಹೇಳುವ ಜಾಗ ಅವರಿಗೆ ಸಲ್ಲಬೇಕಿತ್ತು.

ಬೀಜದ ಪ್ರಶ್ನೆ ಇದಕ್ಕೆ ಹೊಂದಿಕೊಂಡೇ ಬರುತ್ತದೆ. ಹಂಚಿಕೆಯ ಪೊಟ್ಟಣಗಳಲ್ಲಿ ಸಂಕರ ಬೀಜ, ಅಂದರೆ ಎರಡು ಬೇರೆ ತಳಿಗಳನ್ನು ಕೂಡಿಸಿ ಪಡೆದ, ಮರುವರ್ಷ ಅದೇ ಗುಣವನ್ನು ಕೊಡದ ಬೀಜ, ಬಂದಾಗ ಕೈತೋಟ ಪ್ರತಿವರ್ಷವೂ ಪೊಟ್ಟಣವನ್ನು ಕಾಯುವಂತಾಗುತ್ತದೆ. ಸುಧಾರಿತ ತಳಿಗಳೆಲ್ಲ ಹೀಗಲ್ಲ ಎಂಬುದನ್ನೂ ಹೇಳಬೇಕು: ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಅನಾಮಿಕಾ ಬೆಂಡೆ ಸಂಕರವಲ್ಲದ ತಳಿ, ಅದರ ಬೀಜವನ್ನು ಮನೆಯಲ್ಲೇ ಉಳಿಸಿಕೊಳ್ಳಬಹುದು. ಆದರೆ ಬದನೆಯ ವಿಷಯದಲ್ಲಿ ಹೊರಗೆ ಹುಡುಕುವ ಅಗತ್ಯವೇ ಇಲ್ಲ. ಧಾರವಾಡದ ಕೃಷಿ ವಿಶ್ವವಿದ್ಯಾಲಯ ಬಿಟಿ ಬದನೆಗಾಗಿ, ಅಂದರೆ ಕಾಯಿಕೊರಕ ಹುಳುವನ್ನು ತಡೆಯುವಂತೆ ಕುಲಾಂತರಿಸಿದ ಬದನೆಗಾಗಿ, ಆಯ್ದುಕೊಂಡ ಸ್ಥಳೀಯ ತಳಿಗಳಲ್ಲಿ ರಬಕವಿ ಲೋಕಲ್ ಹಾಗೂ ನೆರೆಯ ಕುಡಚಿ ಲೋಕಲ್ ಎರಡೂ ಇದ್ದವು. 2010ರ ಫೆಬ್ರುವರಿಯಲ್ಲಿ ಕೇಂದ್ರ ಸರಕಾರ ಬಿಟಿ ಬದನೆಗೆ ತಡೆ ಹಾಕಿದಾಗ ದೇಶವೆಲ್ಲ ಚರ್ಚಿಸಿದ್ದು ಇಂಥ ಹಿತ್ತಲುಗಳ ಕಾಯಿಯ ಭವಿಷ್ಯವನ್ನೇ. ಆ ಚರ್ಚೆಗೆ ಕಾರಣವಾದ ಕಾಯಿಕೊರಕ ಹುಳುವನ್ನು ನಾಲ್ಕಾರು ಗಿಡಗಳ ಕೈತೋಟದಲ್ಲಿ ವಿಷವಿಲ್ಲದೆಯೇ ಹತೋಟಿಗೆ ತರಬಹುದು: ಬೆಳಗ್ಗೆ ಗಿಡದ ಕುಡಿ ಜೋತು ಬಿದ್ದದ್ದು ಕಂಡರೆ ಒಳಗೆ ಹುಳು ಇದೆಯೆಂದೇ ಅರ್ಥ, ಬಾಡಿದ ಭಾಗಕ್ಕಿಂತ ಒಂದು ಬೆರಳು ಕೆಳಗೆ ಕುಡಿಯನ್ನು ಚಿವುಟಿ ಸುಟ್ಟುಬಿಟ್ಟರೆ ಅದು ಕಾಯಿಯವರೆಗೆ ಹೋಗುವುದಿಲ್ಲ. ಹತ್ತು ಎಕರೆಯಲ್ಲಿ ಅಸಾಧ್ಯವಾದ ಈ ಆರೈಕೆ ಕಾಲು ಗುಂಟೆಯಲ್ಲಿ ಹತ್ತು ನಿಮಿಷದ ಕೆಲಸ, ಸಣ್ಣ ತೋಟದ ನಿಜವಾದ ಬಲ ಇರುವುದೂ ಇಲ್ಲಿಯೇ.

ಕೈತೋಟದ ಕಾರ್ಯಕ್ರಮವನ್ನು ಕೈಬಿಡಬೇಕೆಂಬುದು ಈ ವಿಮರ್ಶೆಯ ಆಶಯವಲ್ಲ. ಚಿಕ್ಕಪಡಸಲಗಿಯಲ್ಲಿ 1989ರಲ್ಲಿ ರೈತರೇ ಹಣ ಮತ್ತು ಶ್ರಮ ಕೂಡಿಸಿ ಕೃಷ್ಣೆಗೆ ಬ್ಯಾರೇಜು ಕಟ್ಟಿದ ತಾಲ್ಲೂಕು ಇದು. ಮನೆಯ ಹಿಂದಿನ ನಾಲ್ಕು ಮಡಿ ಅದಕ್ಕೆ ಅಸಾಧ್ಯವಲ್ಲ. ಬಾಗಲಕೋಟೆಯಲ್ಲಿ 2008ರಿಂದ ತೋಟಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯವೇ ಇದೆ. ಎರೆಮಣ್ಣಿಗೆ, ಸವಳು ನೆಲಕ್ಕೆ, ಬಚ್ಚಲ ನೀರಿಗೆ ಹೊಂದುವ ಕಾಲು ಗುಂಟೆಯ ಕೈಪಿಡಿಯೊಂದನ್ನು ಅಕ್ಕಡಿ ಬಲ್ಲ ಹಿರಿಯ ಹೆಣ್ಣುಮಕ್ಕಳ ಜೊತೆ ಕೂತು ಸಿದ್ಧಪಡಿಸಿ, ಬರುವ ಹಿಂಗಾರಿಗೆ ಮುಂಚೆ ತುಬಚಿಯಂಥ ಊರುಗಳ ಸ್ವಸಹಾಯ ಸಂಘಗಳಿಗೆ ಮುಟ್ಟಿಸುವ ಕೆಲಸವನ್ನು ತಜ್ಞರು ಕೈಗೆತ್ತಿಕೊಳ್ಳಬೇಕು.