ಕೇರಂ ಕೋಣೆಯ ಇನ್ವರ್ಟರ್ ಬಲ್ಬ್

ಏಪ್ರಿಲ್–ಮೇ ತಿಂಗಳ ಸಂಜೆ ಮಳೆಗೆ ಬೆಂಗಳೂರಿನ ಯಲಹಂಕ, ಆರ್.ಟಿ. ನಗರದ ಕಡೆ ಮರದ ಕೊಂಬೆ ತಂತಿಯ ಮೇಲೆ ಬಿದ್ದರೆ ಕರೆಂಟ್ ಹೋಯಿತೆಂದೇ ಲೆಕ್ಕ. ಯುಪಿಎಸ್ ಇಲ್ಲದ ಮನೆಯಲ್ಲಿ ಕೇರಂ ಆಟ ನಿಲ್ಲದಂತೆ ನೋಡಿಕೊಳ್ಳುವುದು ಇನ್ವರ್ಟರ್ ಬಲ್ಬ್. ಮಾಮೂಲಿ ಹೋಲ್ಡರ್‌ಗೇ ಕೂರುವ ಇದರ ಬುಡದಲ್ಲಿ ಪುಟ್ಟ ಲಿಥಿಯಂ ಬ್ಯಾಟರಿ ಇದೆ. ಕರೆಂಟ್ ಇದ್ದಾಗ ಉರಿಯುತ್ತಲೇ ಚಾರ್ಜ್ ಆಗುತ್ತದೆ. 3.7 ವೋಲ್ಟ್, 2200 ಎಂಎಎಚ್ ಬ್ಯಾಟರಿಯಲ್ಲಿರುವುದು ಸುಮಾರು 8 ವ್ಯಾಟ್-ಅವರ್. ಆದ್ದರಿಂದಲೇ 9 ವ್ಯಾಟ್ ಬಲ್ಬ್ ಕತ್ತಲಲ್ಲಿ ತನ್ನ ಬೆಳಕನ್ನು ತಗ್ಗಿಸಿಕೊಂಡು ಮೂರ್ನಾಲ್ಕು ಗಂಟೆ ಎಳೆಯುತ್ತದೆ.

ಇದರ ನಿಜವಾದ ಜಾಣತನ ಬೇರೆಯೇ. ಸ್ವಿಚ್ ಆರಿಸಿದ್ದಕ್ಕೂ ಕರೆಂಟ್ ಹೋದದ್ದಕ್ಕೂ ವ್ಯತ್ಯಾಸ ಇದಕ್ಕೆ ಗೊತ್ತು! ಸ್ವಿಚ್ ಹಾಕಿದ್ದರೆ ಮನೆಯ, ಬೀದಿಯ ಇತರ ಉಪಕರಣಗಳ ಮೂಲಕ ವಿದ್ಯುತ್ ಮಂಡಲ ಪೂರ್ಣವಾಗಿರುತ್ತದೆ. ಬಲ್ಬ್ ಅದನ್ನು ಗುರುತಿಸಿ ಹೊತ್ತಿಕೊಳ್ಳುತ್ತದೆ. ಹೋಲ್ಡರ್‌ನಿಂದ ಬಿಚ್ಚಿ ತಳದ ಎರಡು ಬಿಂದುಗಳನ್ನು ಒದ್ದೆ ಬೆರಳಿನಿಂದ ಮುಟ್ಟಿದರೂ ಬೆಳಗುವುದು ಇದೇ ಕಾರಣಕ್ಕೆ.

74 ಸೆಂಟಿಮೀಟರ್ ಚೌಕದ ಕೇರಂ ಬೋರ್ಡಿಗೆ ಈ ತಗ್ಗಿದ ಬೆಳಕು ಸಾಕು, ಬಲ್ಬ್ ನಡುಮಧ್ಯಕ್ಕೆ ಶೇಡ್ ಸಮೇತ ತೂಗಬೇಕಷ್ಟೇ. ಪಕ್ಕದಲ್ಲಿಟ್ಟ ಮೇಣದಬತ್ತಿಯಾದರೆ ಪ್ರತಿ ಕಾಯಿನ್ನಿಗೂ ಉದ್ದ ನೆರಳು ಬಿದ್ದು ಗುರಿ ತಪ್ಪುತ್ತದೆ.