ಅಳಿವೆಯ ದಂಡೆ, ಇಳಿತದ ಹೊತ್ತು

ನಮ್ಮ ಸವಡಿ, ರೋಣ, ಗಜೇಂದ್ರಗಡದ ಕಡೆಯಿಂದ ಗೋಕರ್ಣಕ್ಕೆ ಹೋಗುವವರ ಸುತ್ತು ಬಹುತೇಕ ಒಂದೇ. ಮಹಾಬಲೇಶ್ವರನ ದರ್ಶನ, ಗುಡಿಯ ಹತ್ತಿರದ ದಂಡೆಯಲ್ಲಿ ಕಾಲು ತೋಯಿಸಿಕೊಳ್ಳುವುದು, ವೇಳೆ ಉಳಿದರೆ ಓಂ ಬೀಚ್, ಆಮೇಲೆ ಗಾಡಿ ಮುರ್ಡೇಶ್ವರದತ್ತ. ಈ ಸುತ್ತಿನಲ್ಲೂ ಸಮುದ್ರ ಕಾಣುತ್ತದೆ, ಇಲ್ಲವೆನ್ನಲಾರೆ. ಆದರೆ ಗೋಕರ್ಣದಿಂದ ಹತ್ತು ಕಿಲೋಮೀಟರಿನೊಳಗೆ, ತದಡಿಯಲ್ಲಿ, ಅಘನಾಶಿನಿ ಹೊಳೆ ಕಡಲು ಸೇರುವ ಅಳಿವೆಯಿದೆ. ಪಕ್ಕದ ಗುಡ್ಡದ ಮೇಲೆ ದೀಪಸ್ತಂಭ, ಮಗ್ಗುಲಲ್ಲಿ ಬೇಲೆಕಾನದ ದಂಡೆ. 250 ಕಿಲೋಮೀಟರ್ ಪ್ರಯಾಣ ಮಾಡಿ, ಅಲ್ಲಿ ಒಂದು ಸಂಜೆಯನ್ನೂ ಕಳೆಯದೆ ಘಟ್ಟ ಹತ್ತಿ ಬಂದವರ ಮಾತು ಕೇಳಿದಾಗ ಮನಸ್ಸು ಚುರ್ ಅನ್ನುತ್ತದೆ.

ಬರೀ ಸಮುದ್ರದ ದಂಡೆಗೂ ಅಳಿವೆಯ ದಂಡೆಗೂ ಬಹಳ ಅಂತರವಿದೆ. ಬಯಲು ದಂಡೆಯಲ್ಲಿ ಅಲೆ ಬರುತ್ತದೆ, ಹೋಗುತ್ತದೆ. ಅರ್ಧ ತಾಸಿನಲ್ಲಿ ಕಣ್ಣು ದಣಿಯುತ್ತದೆ. ಅಳಿವೆಯಲ್ಲಿ ಹೊಳೆ ಹೊರಗೆ ನುಗ್ಗುತ್ತಿರುತ್ತದೆ, ಕಡಲು ಒಳಗೆ ತಳ್ಳುತ್ತಿರುತ್ತದೆ, ನಡುವೆ ಮರಳಿನ ದಿಬ್ಬ ಜಾಗ ಬದಲಿಸುತ್ತಿರುತ್ತದೆ. ದೋಣಿಗಳು ನೀರಿನ ಹದ ನೋಡಿ ಹೊರಡುತ್ತವೆ. ಮೀನಿದ್ದಲ್ಲಿ ಹಕ್ಕಿ, ಹಕ್ಕಿಯಿದ್ದಲ್ಲಿ ಮೀನುಗಾರ. ನೋಡುತ್ತ ಕೂತವನಿಗೆ ಸಾಯಂಕಾಲ ಸಾಲದು.

ಕಡಲು ನೋಡಲು ಹೋಗುವವರು ಸೂರ್ಯ ಮುಳುಗುವ ಗಳಿಗೆ ಕೇಳಿಕೊಂಡು ಹೋಗುತ್ತಾರೆ. ಮೊದಲು ಕೇಳಬೇಕಾದ್ದು ಇಳಿತದ ಗಳಿಗೆಯನ್ನು. ನಮ್ಮ ಕರಾವಳಿಯಲ್ಲಿ ದಿನಕ್ಕೆ ಎರಡು ಸಲ ಭರತ, ಎರಡು ಸಲ ಇಳಿತ. ಇಂದಿನ ಭರತಕ್ಕಿಂತ ನಾಳೆಯದು ಸುಮಾರು 50 ನಿಮಿಷ ತಡ. ಅಮಾವಾಸ್ಯೆ, ಹುಣ್ಣಿಮೆಗಳಲ್ಲಿ ಸೂರ್ಯ-ಚಂದ್ರರ ಸೆಳೆತ ಒಂದಕ್ಕೊಂದು ಕೂಡಿಕೊಳ್ಳುವುದರಿಂದ ನೀರು ಹೆಚ್ಚು ಏರುತ್ತದೆ, ಹೆಚ್ಚು ಇಳಿಯುತ್ತದೆ. ಅಷ್ಟಮಿಯ ಆಸುಪಾಸಿನಲ್ಲಿ ಏರಿಳಿತ ಸಣ್ಣದು. ಕಾರವಾರ-ಕುಮಟಾ ಭಾಗದಲ್ಲಿ ಹುಣ್ಣಿಮೆ, ಅಮಾವಾಸ್ಯೆಯ ದಿನ ಭರತ ಮಧ್ಯಾಹ್ನಕ್ಕೆ ಮೊದಲೇ ಬಂದು ಹೋಗಿ, ಸಂಜೆಯ ಹೊತ್ತಿಗೆ ನೀರು ಚೆನ್ನಾಗಿ ಇಳಿದಿರುತ್ತದೆ. ಇಳಿತ ಮತ್ತು ಸೂರ್ಯಾಸ್ತ ಜೊತೆಯಾಗಿ ಸಿಗುವುದು ಅಂಥ ದಿನಗಳಲ್ಲಿ. ಹುಣ್ಣಿಮೆಗೆ ಸವದತ್ತಿ ಎಲ್ಲಮ್ಮನ ಗುಡ್ಡಕ್ಕೆ ಹೋಗುವ ರೂಢಿಯಿರುವ ನಮ್ಮ ಜನಕ್ಕೆ ತಿಥಿಯ ಲೆಕ್ಕ ಹೇಳಿಕೊಡಬೇಕಾಗಿಲ್ಲ. ಅದೇ ಲೆಕ್ಕವನ್ನು ಕಡಲಿಗೂ ಹಚ್ಚಿದರಾಯಿತು.

ಇಳಿತ ಶುರುವಾದ ಮೇಲೆ ಬೇಲೆಕಾನದ ಒದ್ದೆ ಮರಳಿನ ಮೇಲೆ ಕುಕ್ಕರಗಾಲಿನಲ್ಲಿ ಕೂಡಬೇಕು. ನೀರು ಹಿಂದೆ ಸರಿದ ಸ್ವಲ್ಪ ಹೊತ್ತಿಗೆ ಮರಳಿನಲ್ಲಿ ಸಣ್ಣ ಸಣ್ಣ ತೂತುಗಳು ಬಾಯಿ ತೆರೆಯುತ್ತವೆ. ಒಂದೊಂದರಿಂದಲೂ ಉಗುರಿನಷ್ಟು ಗಾತ್ರದ ಏಡಿ ಹೊರಬರುತ್ತದೆ. ಮರಳನ್ನು ಬಾಯಿಗೆ ತುಂಬಿಕೊಂಡು, ಅದರಲ್ಲಿನ ಸೂಕ್ಷ್ಮ ಆಹಾರ ಹೀರಿ, ಉಳಿದ ಮರಳನ್ನು ಉಂಡೆ ಕಟ್ಟಿ ಹಿಂದಕ್ಕೆ ಬಿಡುತ್ತದೆ. ಉಂಡೆ ನಮ್ಮ ಬಿಳಿಜೋಳದ ಕಾಳಿನಷ್ಟು. ತೂತಿನಿಂದ ಹೊರಗೆ ಒಂದು ಗೆರೆ ಹಿಡಿದು ಹೋಗುತ್ತದೆ, ತಿರುಗಿ ಬರುತ್ತದೆ, ಪಕ್ಕದಲ್ಲಿ ಇನ್ನೊಂದು ಗೆರೆ. ನೋಡನೋಡುತ್ತ ತೂತಿನ ಸುತ್ತ ಉಂಡೆಗಳ ಸಾಲು ಸೂರ್ಯನ ಕಿರಣಗಳ ಹಾಗೆ ಹರಡಿಕೊಳ್ಳುತ್ತದೆ. ನೆರಳು ಬಿದ್ದರೆ ಸಾಕು, ಎಲ್ಲ ಏಡಿಗಳೂ ಒಂದೇ ಸಲ ಮಾಯ. ಅಲುಗಾಡದೆ ಕೂತರೆ ಮತ್ತೆ ಒಂದೊಂದಾಗಿ ಹೊರಗೆ. ಭರತ ಬಂದಾಗ ಇಡೀ ಬರಹ ಅಳಿಸಿಹೋಗುತ್ತದೆ; ಮುಂದಿನ ಇಳಿತಕ್ಕೆ ಹೊಸದಾಗಿ ಆರಂಭ. ಮಕ್ಕಳನ್ನು ಕರೆದುಕೊಂಡು ಹೋದವರು ಒಂಟೆ ಸವಾರಿಗೆ ಕೊಡುವ ಹೊತ್ತನ್ನು ಇದಕ್ಕೆ ಕೊಟ್ಟು ನೋಡಲಿ.

ಅಳಿವೆಯ ಒಳಮೈಗೆ ಬಂದರೆ ಇಳಿತದಲ್ಲಿ ಬೇರೆ ಲೋಕ. ಸೊಂಟದವರೆಗಿನ ನೀರಿನಲ್ಲಿ ಹೆಂಗಸರು, ಗಂಡಸರು ನಿಂತು ಬಳಚು ಆರಿಸುತ್ತಿರುತ್ತಾರೆ. ಬಳಚು ಅಂದರೆ ಎರಡು ಚಿಪ್ಪಿನ ಮೃದ್ವಂಗಿ, ಕೆಸರು ಬೆರೆತ ಮರಳಿನಲ್ಲಿ ಹುದುಗಿಕೊಂಡು ಬೆಳೆಯುವಂಥದ್ದು. ಒಮ್ಮೆ ದಡದಲ್ಲಿ ಬುಟ್ಟಿ ಇಳಿಸಿ ಸುಧಾರಿಸಿಕೊಳ್ಳುತ್ತಿದ್ದ ವಯಸ್ಸಾದ ತಾಯಿಯನ್ನು ಕೇಳಿದೆ: “ಅವ್ವಾ, ಈ ರಾಡಿ ನೀರಾಗ ಹೆಂಗ ಕಾಣ್ತಾವ ಅವು?” ಅವರು ನಕ್ಕರು. “ಕಣ್ಣಿಗೆ ಕಾಣೂದಿಲ್ಲ ಮಗಾ, ಕಾಲಿಗೇ ತಿಳೀಬೇಕು” ಎಂದರು. ಅಂಗಾಲಿನಿಂದ ತಡವಿ, ಬೆರಳಿಗೆ ಸಿಕ್ಕದ್ದನ್ನು ಬಗ್ಗಿ ಎತ್ತುವುದು. ಸಣ್ಣವನ್ನು ಮರಳಿ ನೀರಿಗೇ ಬಿಡುತ್ತಿದ್ದರು. ನಾನು ಅಳಿವೆಯ ಬಾಯಿಯ ಕಡೆ ನಡೆಯತೊಡಗಿದಾಗ ಹಿಂದಿನಿಂದ ಕೂಗಿ ಹೇಳಿದರು: “ಇಳಿತದಲ್ಲಿ ಆ ಬದಿ ನೀರಿಗಿಳೀಬೇಡಿ, ಎಳ್ಕಂಡು ಹೋಗ್ತದೆ.” ಈ ಮಾತನ್ನು ದಪ್ಪ ಅಕ್ಷರದಲ್ಲಿ ಓದಿಕೊಳ್ಳಿ. ಹೊಳೆಯ ಹರಿವೂ ಇಳಿತದ ಸೆಳೆತವೂ ಕೂಡಿದಾಗ ಅಳಿವೆಯ ಬಾಯಲ್ಲಿ ಒಳ್ಳೆ ಈಜುಗಾರನೂ ನಿಲ್ಲಲಾರ. ಕೆರೆ, ಕಾಲುವೆಯಲ್ಲಿ ಈಜು ಕಲಿತ ನಾವು ಅಲ್ಲಿ ದಡದವರೇ.

ಇನ್ನು ದೀಪಸ್ತಂಭ. ಕರ್ನಾಟಕದ ದೀಪಸ್ತಂಭಗಳಲ್ಲಿ ಹೆಸರಾದದ್ದು ಕಾಪುವಿನದು. 1901ರಲ್ಲಿ ಬಂಡೆಯ ಮೇಲೆ ಎದ್ದ, 27 ಮೀಟರ್ ಎತ್ತರದ ಆ ಸ್ತಂಭಕ್ಕೆ ಸಂಜೆ ಹತ್ತಲೂ ಬಿಡುತ್ತಾರೆ. ಚೆಂದವೇ, ಆದರೆ ರಜೆಯ ದಿನ ಜಾತ್ರೆ. ಕಾರವಾರದ ದೇವಗಡ ನಡುಗಡ್ಡೆಯ ದೀಪ ಹತ್ತೊಂಬತ್ತನೇ ಶತಮಾನದ್ದು, ದಂಡೆಯಿಂದ ದೂರ. ಕುಂದಾಪುರದ ಕೋಡಿಯೂ ನನಗೆ ಇಷ್ಟ. ಅಲ್ಲಿ ಪಂಚಗಂಗಾವಳಿಯ ಅಳಿವೆಯಿದೆ. ಆದರೂ ನಿಶ್ಶಬ್ದ, ಗುಡ್ಡ, ಹೊಳೆ ಮೂರೂ ಬೇಕೆನ್ನುವವರಿಗೆ ತದಡಿಯನ್ನೇ ಹೇಳುತ್ತೇನೆ. ಗುಡ್ಡದ ಮೇಲಿನ ದೀಪಕ್ಕೆ ಒಂದು ಅನುಕೂಲವಿದೆ. ಭೂಮಿ ದುಂಡಗಿರುವುದರಿಂದ 27 ಮೀಟರ್ ಎತ್ತರದ ದೀಪ ನೀರಿನ ಮಟ್ಟದಲ್ಲಿ ಕಣ್ಣಿಟ್ಟವನಿಗೆ 18 ಕಿಲೋಮೀಟರಿನ ಸುಮಾರಿಗೆ ದಿಗಂತದ ಕೆಳಗೆ ಇಳಿದುಬಿಡುತ್ತದೆ. 100 ಮೀಟರ್ ಎತ್ತರಕ್ಕೇರಿಸಿದರೆ ಅದೇ ದೀಪ ಸುಮಾರು 35 ಕಿಲೋಮೀಟರ್ ಆಚೆಗೂ ಕಾಣಬಲ್ಲದು. ಗುಡ್ಡವಿದ್ದಲ್ಲಿ ಗಿಡ್ಡ ಗೋಪುರ ಸಾಕು.

ಕತ್ತಲಾದ ಮೇಲೂ ಹದಿನೈದು ನಿಮಿಷ ಕೂಡಿ. ಒಂದೊಂದು ದೀಪಸ್ತಂಭಕ್ಕೂ ಮಿನುಗಿನ ಲಯ ಬೇರೆ ಬೇರೆ. ಎಷ್ಟು ಸೆಕೆಂಡಿಗೊಮ್ಮೆ, ಎಷ್ಟು ಮಿಂಚು ಎಂಬುದನ್ನು ಎಣಿಸಿಯೇ ನಾವಿಕ ಇದು ಯಾವ ಊರಿನ ದೀಪ ಎಂದು ತಿಳಿಯುತ್ತಾನೆ. ಹಗಲಿನಲ್ಲಿ ಗುರುತಿಗೆ ಗೋಪುರದ ಆಕಾರ ಮತ್ತು ಬಣ್ಣ. ಒಳಗಿನ ಬಲ್ಬು ದೊಡ್ಡದೇನಲ್ಲ. ಬೆಳಕನ್ನು ಚೆಲ್ಲಾಪಿಲ್ಲಿಯಾಗದಂತೆ ಒಂದೇ ಪಟ್ಟಿಯಾಗಿ ಕಳಿಸುವುದು ಸುತ್ತಲಿನ ಗಾಜಿನ ಬಳೆಗಳ ಕೆಲಸ. ಫ್ರಾನ್ಸಿನ ಫ್ರೆನೆಲ್ 1820ರ ದಶಕದಲ್ಲಿ ರೂಪಿಸಿದ ಮಸೂರ ಅದು. ಕೈಗಡಿಯಾರ ಹಿಡಿದು ಎರಡು ಮಿಂಚಿನ ನಡುವಣ ಹೊತ್ತನ್ನು ನೀವೂ ಎಣಿಸಿ. ಮುಂದಿನ ಪ್ರವಾಸದಲ್ಲಿ ಬೇರೆ ದೀಪ ಕಂಡಾಗ ಅದರ ಲಯ ಬೇರೆಯೆಂದು ತಾನಾಗಿ ಹೊಳೆಯುತ್ತದೆ.

ರೈತಾಪಿ ಜನ ಅಘನಾಶಿನಿಗೆ ಹೋದರೆ ಗಜನಿ ಭೂಮಿಯನ್ನು ನೋಡದೆ ಬರಬಾರದು. ನಮ್ಮಲ್ಲಿ ಮಲಪ್ರಭೆ ಕಾಲುವೆ ನೀರು ಹರಿದು ಎಷ್ಟೋ ಎರಿ ಹೊಲ ಸವಳು-ಜವಳಾಗಿದ್ದನ್ನು ಕಂಡವರಿಗೆ ಅಲ್ಲಿನ ಕಗ್ಗ ಭತ್ತ ಅಚ್ಚರಿಯೆನಿಸುತ್ತದೆ. ಮಾಣಿಕಟ್ಟಾ ಮುಂತಾದ ಊರುಗಳಲ್ಲಿ ಹೊಳೆಯಂಚಿನ ತಗ್ಗು ಭೂಮಿಗೆ ಕಟ್ಟೆ ಕಟ್ಟಿ, ಮಳೆಗಾಲದ ಸಿಹಿನೀರು ಉಪ್ಪನ್ನು ತೊಳೆದ ಹದದಲ್ಲಿ ಕಗ್ಗ ಬಿತ್ತುತ್ತಾರೆ. ಉಪ್ಪುನೀರು ನುಗ್ಗಿದರೂ, ಕೆಲವು ದಿನ ಮುಳುಗಿದರೂ ತಡೆದು ನಿಲ್ಲುವ ತಳಿ. ಗೊಬ್ಬರ, ಔಷಧದ ಹಂಗಿಲ್ಲ. ಕೊಯ್ಲಾದ ಮೇಲೆ ಅದೇ ಗದ್ದೆಗೆ ಹೊಳೆನೀರು ಬಿಟ್ಟರೆ ಸಿಗಡಿ, ಮೀನು. ಹತ್ತಿರದ ಸಾಣಿಕಟ್ಟಾದಲ್ಲಿ ಬೇಸಿಗೆ ಬಂತೆಂದರೆ ಉಪ್ಪಿನ ಆಗರಗಳು ಬೆಳ್ಳಗಾಗುತ್ತವೆ. ಒಂದೇ ಹೊಳೆಯ ಬಾಯಲ್ಲಿ ಭತ್ತ, ಮೀನು, ಬಳಚು, ಉಪ್ಪು. ಇದಕ್ಕೆ ಮುಖ್ಯ ಕಾರಣ, ಶಿರಸಿಯ ಸೀಮೆಯಲ್ಲಿ ಹುಟ್ಟಿ ಉಂಚಳ್ಳಿಯಲ್ಲಿ 116 ಮೀಟರ್ ಧುಮುಕಿ ಬರುವ ಅಘನಾಶಿನಿಗೆ ಎಲ್ಲೂ ದೊಡ್ಡ ಅಣೆಕಟ್ಟಿಲ್ಲದಿರುವುದು. ಬಡಗಣ ಕಾಳಿಗೆ ಸೂಪಾ ಇದೆ, ತೆಂಕಣ ಶರಾವತಿಗೆ ಲಿಂಗನಮಕ್ಕಿ ಇದೆ. ಇದು ಮಳೆಗಾಲದಲ್ಲಿ ಮಳೆಗಾಲದಂತೆ, ಬೇಸಿಗೆಯಲ್ಲಿ ಬೇಸಿಗೆಯಂತೆ ಹರಿಯುವ ಹೊಳೆ. ಸಿಹಿ-ಉಪ್ಪಿನ ಪಾಲು ಕೆಟ್ಟಿಲ್ಲ.

ಈ ದಂಡೆ ನಮಗೆ ಪರದೇಶವಲ್ಲ ಎನ್ನುವುದಕ್ಕೆ ಇನ್ನೊಂದು ಕಾರಣವಿದೆ. ರೋಣ ತಾಲ್ಲೂಕಿನ ಮಳೆನೀರು ಬೆಣ್ಣಿಹಳ್ಳ, ಮಲಪ್ರಭೆ, ಕೃಷ್ಣೆಯಾಗಿ ಮೂಡಲ ಕಡಲಿಗೆ ಹೋಗುತ್ತದೆ. ಆದರೆ ಇಲ್ಲಿನ ಹತ್ತಿ ಪಡುವಲಕ್ಕೆ ಹೋಗುತ್ತಿತ್ತು. ರೈಲು ಬರುವ ಮುಂಚೆ ಧಾರವಾಡ ಸೀಮೆಯ ಅರಳೆ ಚಕ್ಕಡಿಗಳಲ್ಲಿ ಹೇರಿಕೊಂಡು ದೇವಿಮನೆ ಘಟ್ಟ ಇಳಿದು ಕುಮಟಾ ಬಂದರು ಸೇರಿ, ಅಲ್ಲಿಂದ ಹಡಗಿನಲ್ಲಿ ಬೊಂಬಾಯಿಗೆ ಹೋಗುತ್ತಿತ್ತು. ಪೇಟೆಯಲ್ಲಿ ನಮ್ಮ ನಾಡ ಹತ್ತಿಗೆ ‘ಕುಮಟಾ’ ಎಂದೇ ಹೆಸರು ಬಿದ್ದಿತ್ತು. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿನ ಹತ್ತಿ ನಿಂತಾಗ ಇಂಗ್ಲೆಂಡಿನ ಗಿರಣಿಗಳ ಕಣ್ಣು ಈ ದಾರಿಯ ಮೇಲೆ ಬಿತ್ತು. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ಬೊಂಬಾಯಿ ಪ್ರಾಂತ್ಯಕ್ಕೆ ಸೇರಿಸಿದ್ದರಲ್ಲೂ, ಕಾರವಾರಕ್ಕೆ ಬಂದರಿನ ಮಹತ್ವ ಬಂದದ್ದರಲ್ಲೂ ಹತ್ತಿಯ ಪಾಲಿದೆ. 1880ರ ದಶಕದಲ್ಲಿ ಗದಗ, ಹುಬ್ಬಳ್ಳಿಗೆ ರೈಲು ಬಂತು, ಮುಂದೆ ಮರ್ಮಗೋವಾದವರೆಗೂ ಹಳಿ ಬಿತ್ತು; ನಮ್ಮ ಹೊಳೆಆಲೂರಿನಲ್ಲೂ ಗಾಡಿ ನಿಂತಿತು. ಚಕ್ಕಡಿಗಳ ಸಾಲು ಕರಗಿತು, ಕುಮಟಾ ಬಂದರಿನ ಗದ್ದಲವೂ ಅಡಗಿತು. ಇವತ್ತು ಆ ದಂಡೆಗಳು ಇಷ್ಟು ತಣ್ಣಗಿರುವುದಕ್ಕೆ ಆ ರೈಲೂ ಒಂದು ಕಾರಣ.

ಈಚಿನ ನಂಟು ಇನ್ನೂ ಸಂತೋಷದ್ದು. 2024ರ ಜನವರಿ ಕೊನೆಯಲ್ಲಿ ಕರ್ನಾಟಕದ ಮೂರು ನೆಲೆಗಳು ಜಾಗತಿಕ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿದ್ದನ್ನು ಪ್ರಕಟಿಸಲಾಯಿತು: ಅಘನಾಶಿನಿ ಅಳಿವೆ, ವಿಜಯನಗರ ಜಿಲ್ಲೆಯ ಅಂಕಸಮುದ್ರ, ನಮ್ಮದೇ ಗದಗ ಜಿಲ್ಲೆಯ ಮಾಗಡಿ ಕೆರೆ. ಚಳಿಗಾಲದಲ್ಲಿ ಹಿಮಾಲಯದಾಚೆಯಿಂದ ಪಟ್ಟೆತಲೆಯ ಹೆಬ್ಬಾತುಗಳು ಬಂದಿಳಿಯುವ ಅದೇ ಮಾಗಡಿ. ಆದರೆ ಪಟ್ಟಿಗೆ ಸೇರಿದ ಮಾತ್ರಕ್ಕೆ ಹೊಳೆ ಉಳಿಯುವುದಿಲ್ಲ. ತದಡಿಯಲ್ಲಿ 4000 ಮೆಗಾವಾಟ್ ಸಾಮರ್ಥ್ಯದ ಕಲ್ಲಿದ್ದಲು ವಿದ್ಯುತ್ ಸ್ಥಾವರದ ಯೋಜನೆ ಬಂದಿತ್ತು; ಊರವರ ವಿರೋಧದಿಂದ ಕೈಬಿಡಬೇಕಾಯಿತು. ದೊಡ್ಡ ಬಂದರಿನ ಪ್ರಸ್ತಾಪವೂ ಬಂತು. ಅಳಿವೆಯ ಬಾಯಿ ಅಗೆದು ಆಳ ಮಾಡಿದರೆ ಒಳಗೆ ನುಗ್ಗುವ ಉಪ್ಪುನೀರಿನ ಪ್ರಮಾಣವೇ ಬದಲಾಗುತ್ತದೆ. ಬಳಚಿಗೂ ಕಗ್ಗಕ್ಕೂ ಅದು ಪೆಟ್ಟು. ಈ ದಂಡೆಯನ್ನು ಹೀಗೇ ಬಿಡಬೇಕೆಂದು ನಾನು ಗಟ್ಟಿಯಾಗಿಯೇ ಹೇಳುತ್ತೇನೆ. ನೋಡಲು ಹೋಗುವವರೂ ಪ್ಲಾಸ್ಟಿಕ್ ಬಾಟಲಿ, ಚುರುಮುರಿ ಪೊಟ್ಟಣಗಳನ್ನು ಅಲ್ಲಿ ಬಿಟ್ಟುಬರಬಾರದು. ಇಳಿತ ಅವನ್ನೆಲ್ಲ ನೇರ ಕಡಲಿಗೇ ಒಯ್ಯುತ್ತದೆ.

ಹೋಗಲು ನವೆಂಬರಿನಿಂದ ಫೆಬ್ರುವರಿ ಹದವಾದ ಕಾಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧವಿರುತ್ತದೆ. ಮಳೆಗಾಲವಾದ್ದರಿಂದ ಆಗ ದಂಡೆಗೆ ಇಳಿಯುವಂತಿಲ್ಲ. ಆದರೆ ತದಡಿ ಬಂದರಿನಲ್ಲಿ ಕಟ್ಟಿದ ದೋಣಿಗಳ ಸಾಲನ್ನೂ, ಕೆಂಪು ನೀರು ಹೊತ್ತು ಬರುವ ಹೊಳೆಯನ್ನೂ ದಡದಿಂದ ನೋಡಬಹುದು. ತದಡಿಯಿಂದ ಆಚೆ ದಡದ ಅಘನಾಶಿನಿ ಊರಿಗೆ ದೋಣಿ ಓಡಾಡುತ್ತದೆ. ಆ ಸಣ್ಣ ಪಯಣ ತಪ್ಪಿಸಬೇಡಿ; ಅಳಿವೆಯ ಅಗಲ ತಿಳಿಯುವುದು ನಡುನೀರಿನಲ್ಲೇ. ಮೀನು ತಿನ್ನದವರು ಕೆಂಪಕ್ಕಿ ಗಂಜಿ, ಮುರುಗಲ ಸಾರು ಎಲ್ಲಿ ಸಿಗುತ್ತದೆಂದು ಊರಲ್ಲಿ ಕೇಳಿ.

ಹೋಗುವಾಗ ಹುಬ್ಬಳ್ಳಿ, ಯಲ್ಲಾಪುರ, ಅರಬೈಲು ಘಟ್ಟದ ದಾರಿ ಹಿಡಿಯಿರಿ, ಅಂಕೋಲಾದ ಮೇಲೆ ಮಾದನಗೇರಿಯಲ್ಲಿ ಒಳಗೆ ತಿರುಗಿದರಾಯಿತು. ಬರುವಾಗ ಮಿರ್ಜಾನ್ ಕೋಟೆ ನೋಡಿಕೊಂಡು, ಕುಮಟಾದಿಂದ ದೇವಿಮನೆ ಘಟ್ಟ ಹತ್ತಿ ಶಿರಸಿಯ ಮೇಲೆ ಬನ್ನಿ. ಬೇಸಿಗೆಯಾಗಿದ್ದರೆ ಕುಮಟಾದ ಹೆದ್ದಾರಿ ಪಕ್ಕದಲ್ಲಿ ಸಿಹಿ ಉಳ್ಳಾಗಡ್ಡಿಯನ್ನು ಜಡೆ ಹೆಣೆದಂತೆ ಕಟ್ಟಿ ತೂಗುಹಾಕಿರುತ್ತಾರೆ. ಉಳ್ಳಾಗಡ್ಡಿ ಬೆಳೆಯುವ ನಾಡಿನವರಾದ ನಾವು ಗೊಂಚಲೊಂದನ್ನು ಕೊಂಡು, ಅವರು ಬಿತ್ತುವ ಹೊತ್ತು, ಒಣಗಿಸುವ ಕ್ರಮ ಎಲ್ಲ ಕೇಳಿಕೊಂಡು ಬರಬೇಕು. ಹೊಲದ ಮಾತೆಂದರೆ ಅವರೂ ಗಾಡಿ ನಿಲ್ಲಿಸಿಕೊಂಡು ಮಾತಾಡುತ್ತಾರೆ.