ಸಾಲು ಎಷ್ಟುದ್ದ ಅಲ್ಲ, ಎಷ್ಟು ಹೊತ್ತು

ಚನ್ನಪಟ್ಟಣದಿಂದ ಬೆಂಗಳೂರಿಗೆ ಸುಮಾರು 60 ಕಿಲೋಮೀಟರ್. ಫೈಬರ್ ಒಳಗೆ ಬೆಳಕು ಅಷ್ಟು ದೂರ ಹೋಗಿಬರಲು ಒಂದು ಮಿಲಿಸೆಕೆಂಡೂ ಬೇಡ. ಹಾಗಿದ್ದೂ, ಮನೆಯಲ್ಲಿ ಒಬ್ಬರು ಬೊಂಬೆಗಳ ವಿಡಿಯೊ ಅಪ್‌ಲೋಡ್ ಮಾಡಲು ಕೂತರೆ ಸಾಕು, ಪಕ್ಕದ ಕೋಣೆಯ ಆನ್‌ಲೈನ್ ಪಾಠ ತೊದಲತೊಡಗುತ್ತದೆ. ಯಾರನ್ನು ಕೇಳಿದರೂ ಸಿಗುವ ಸಲಹೆ ಒಂದೇ: ದೊಡ್ಡ ಪ್ಲಾನ್ ಹಾಕಿಸಿ. ಅವಸರ ಬೇಡ. ಮೊದಲು ಪಿಂಗ್ ಓಡಿಸಿ, ಜೊತೆಗೇ ಒಂದು ದೊಡ್ಡ ಫೈಲ್ ಅಪ್‌ಲೋಡ್‌ಗೆ ಬಿಡಿ. ಒಂದಂಕಿಯಲ್ಲಿದ್ದ ಮಿಲಿಸೆಕೆಂಡು ನೂರು, ಮುನ್ನೂರು ದಾಟಿ ಏರುತ್ತಾ ಹೋದರೆ ತಡ ಆಗುತ್ತಿರುವುದು ಬೆಂಗಳೂರಿನ ದಾರಿಯಲ್ಲಲ್ಲ, ನಿಮ್ಮ ಗೋಡೆಗೆ ತಗುಲಿಹಾಕಿದ ಡಬ್ಬಿಯಲ್ಲಿ.

ಲೆಕ್ಕ ಸುಲಭ. ಲಿನಕ್ಸ್‌ನ ಹಳೆಯ ರೂಢಿಯಂತೆ, ಹೊರಡಲು ಕಾದಿರುವವುಗಳ ಸಾಲಿನಲ್ಲಿ 1000 ಪ್ಯಾಕೆಟ್‌ಗೆ ಜಾಗ, ಒಂದೊಂದು 1500 ಬೈಟ್. ಅಪ್‌ಲೋಡ್ ವೇಗ 10 ಎಂಬಿಪಿಎಸ್ ಆದರೆ ತುಂಬಿದ ಸಾಲು ಕರಗಲು 1.2 ಸೆಕೆಂಡ್. ಮಾತುಕತೆ ಕೆಡಲು ಇದರ ಕಾಲುಭಾಗ ಸಾಕು. ಮೆಮೊರಿ ಅಗ್ಗವಾದಂತೆ ಕಂಪನಿಗಳು ಸಾಲಿನ ಈ ಜಾಗವನ್ನು, ಅಂದರೆ ಬಫರನ್ನು, ಹಿಗ್ಗಿಸುತ್ತಲೇ ಹೋದವು. ಒಂದು ಪ್ಯಾಕೆಟ್ಟೂ ಬೀಳಬಾರದೆಂಬ ಹಟ. ಆದರೆ ಟಿಸಿಪಿ ಸಾಮಾನ್ಯವಾಗಿ ವೇಗ ತಗ್ಗಿಸುವುದೇ ಪ್ಯಾಕೆಟ್ ಬಿದ್ದಾಗ. ಬೀಳಲು ಬಿಡದಿದ್ದರೆ ದಟ್ಟಣೆಯ ಸುದ್ದಿ ಅದಕ್ಕೆ ಮುಟ್ಟುವುದೇ ಇಲ್ಲ. 2010ರ ಸುಮಾರಿಗೆ ಜಿಮ್ ಗೆಟ್ಟಿಸ್ ತಮ್ಮ ಮನೆಯ ಸಂಪರ್ಕದಲ್ಲೇ ಈ ರೋಗವನ್ನು ಹಿಡಿದರು. ಬಫರ್‌ಬ್ಲೋಟ್ ಎಂಬ ಹೆಸರು ನಿಂತಿತು.

ಮದ್ದು ಹಿಂದೆಯೂ ಇತ್ತು. 1993ರಲ್ಲಿ ಸ್ಯಾಲಿ ಫ್ಲಾಯ್ಡ್ ಮತ್ತು ವ್ಯಾನ್ ಜೇಕಬ್‌ಸನ್ ಕೊಟ್ಟ 'ರೆಡ್' ಸಾಲಿನ ಸರಾಸರಿ ಉದ್ದ ನೋಡಿ ಮೊದಲೇ ಕೆಲವು ಪ್ಯಾಕೆಟ್ ಕೈಬಿಡುತ್ತಿತ್ತು. ಅದರ ಮಿತಿಗಳನ್ನು ಒಂದೊಂದು ಲೈನಿಗೂ ಬೇರೆಬೇರೆಯಾಗಿ ಹೊಂದಿಸಬೇಕು. ಆ ಗೋಜೇ ಬೇಡವೆಂದು ಬಹಳ ಮಂದಿ ಅದನ್ನು ಆನ್ ಮಾಡಲೇ ಇಲ್ಲ. 2012ರಲ್ಲಿ ಕ್ಯಾಥ್ಲೀನ್ ನಿಕೋಲ್ಸ್ ಜೊತೆಗೂಡಿ ಜೇಕಬ್‌ಸನ್ ಮತ್ತೆ ಬಂದರು, ಈ ಸಲ 'ಕೋಡೆಲ್' ಹಿಡಿದು. ಅದು ಉದ್ದ ಅಳೆಯುವುದಿಲ್ಲ, ಪ್ಯಾಕೆಟ್ ಕಾದ ಹೊತ್ತನ್ನು ಅಳೆಯುತ್ತದೆ. ರಾಮನಗರದ ಗೂಡಿನ ಮಾರುಕಟ್ಟೆಗೆ ಹೋಗುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ರಾಶಿ ಎಷ್ಟಿದೆ ಎನ್ನುವುದಕ್ಕಿಂತ ಹುಳು ಗೂಡು ಕಟ್ಟಿ ಎಷ್ಟು ದಿನವಾಯಿತು ಎನ್ನುವುದು ಮುಖ್ಯ. ತಡವಾದರೆ ಚಿಟ್ಟೆ ಕೊರೆದು ಹೊರಬಂದು, ನೂಲು ಬಿಚ್ಚಲು ಬಾರದ ಗೂಡು ಉಳಿಯುತ್ತದೆ. ಕೋಡೆಲ್‌ನ ಗಡುವು 5 ಮಿಲಿಸೆಕೆಂಡ್. ಅರೆಕ್ಷಣದ ನೂಕುನುಗ್ಗಲಿಗೆ ಅದು ತಲೆ ಕೆಡಿಸಿಕೊಳ್ಳುವುದಿಲ್ಲ. ಕಾಯುವಿಕೆ 100 ಮಿಲಿಸೆಕೆಂಡ್ ಉದ್ದಕ್ಕೂ 5ರ ಕೆಳಗೆ ಒಮ್ಮೆಯೂ ಇಳಿಯದಿದ್ದರೆ ಮಾತ್ರ ಕೈಬಿಡಲು ಶುರುಮಾಡುತ್ತದೆ.

ಕೋಡೆಲ್‌ಗೆ ಸಂಪರ್ಕಕ್ಕೊಂದರಂತೆ ಬೇರೆಬೇರೆ ಸಾಲು ಕೂಡಿಸಿದ್ದು 'ಎಫ್‌ಕ್ಯೂ-ಕೋಡೆಲ್'. ಅಪ್‌ಲೋಡ್‌ನ ಹಿಂದೆ ಪಾಠದ ಪ್ಯಾಕೆಟ್ ನಿಲ್ಲುವ ಪ್ರಮೇಯವೇ ಇಲ್ಲ. ಇದೇ ಬಗೆಯ 'ಎಫ್‌ಕ್ಯೂ-ಪೈ' 2020ರಲ್ಲಿ ಲಿನಕ್ಸ್ 5.6ಕ್ಕೆ ಸೇರಿತು. ಅದನ್ನು ಬರೆದು ಸೇರಿಸಿದವರು ನಮ್ಮ ಸುರತ್ಕಲ್‌ನ ಎನ್‌ಐಟಿಕೆಯ ಮೋಹಿತ್ ತಹಿಲಿಯಾನಿ ಮತ್ತು ಅವರ ವಿದ್ಯಾರ್ಥಿಗಳು. ಕರಾವಳಿಯವರೂ ಇದನ್ನು ಹೇಳಿಕೊಳ್ಳುವುದು ಕಡಿಮೆ!

ಸಾಲು ನಿಭಾಯಿಸುವ ಇಂಥ ವಿಧಾನಗಳಲ್ಲಿ ಮನೆಗೆ ನನ್ನ ಆಯ್ಕೆ 'ಕೇಕ್', 2018ರಿಂದ ಲಿನಕ್ಸ್ ಒಳಗೇ ಇದೆ. ಇದರ ಹಿಂದಿದ್ದವರಲ್ಲಿ ಒಬ್ಬರಾದ ಡೇವ್ ಟಾಟ್ 2025ರ ಏಪ್ರಿಲ್‌ನಲ್ಲಿ ತೀರಿಕೊಂಡರು. ಕೇಕ್ ಓಡಿಸಲು, ಲಿನಕ್ಸ್ ಆಧಾರಿತ ಓಪನ್‌ಡಬ್ಲ್ಯುಆರ್‌ಟಿ ತಂತ್ರಾಂಶ ಹಾಕಿದ ರೌಟರ್‌ನಲ್ಲಿ ಎಸ್‌ಕ್ಯೂಎಂ ಪ್ಯಾಕೇಜ್ ಸೇರಿಸಿ. ಮನೆಯವರೆಲ್ಲ ಮಲಗಿದ ಮೇಲೆ, ವೈಫೈ ಬಿಟ್ಟು ವೈರ್‌ನಲ್ಲೇ ವೇಗ ಅಳೆದು, ಅದರ ಶೇ 90ರಷ್ಟನ್ನು ಮಿತಿಯೆಂದು ಕೊಡಿ. ಕಾಸು ಕೊಟ್ಟ ವೇಗದಲ್ಲಿ ಹತ್ತನೆಯ ಒಂದು ಪಾಲು ಬಿಟ್ಟುಕೊಡುವುದು ಹಲವರಿಗೆ ಹೊಟ್ಟೆಯುರಿ. ಆದರೆ ಇಡೀ ಕಸುಬಿನ ಗುಟ್ಟು ಅಲ್ಲೇ ಇದೆ. ಮಿತಿ ಇಲ್ಲದಿದ್ದರೆ ಪ್ಯಾಕೆಟ್‌ಗಳು ಸಾಲು ಕಟ್ಟುವುದು ಸೇವೆ ಕೊಟ್ಟವರ ಡಬ್ಬಿಯಲ್ಲಿ, ಅಲ್ಲಿ ನಿಮ್ಮ ಕೇಕ್ ಇಲ್ಲ. ಲೈನಿಗಿಂತ ತುಸು ನಿಧಾನವಾಗಿ ಕಳಿಸಿದರೆ ಸಾಲು ನಿಮ್ಮ ರೌಟರ್‌ಗೆ ಬರುತ್ತದೆ, ಅಲ್ಲಿ ನಿಮ್ಮ ಮಾತು ನಡೆಯುತ್ತದೆ. 'ನ್ಯಾಟ್' ಆಯ್ಕೆ ಮರೆಯಬೇಡಿ. ಅದಿಲ್ಲದಿದ್ದರೆ ಮನೆಯ ಐದು ಫೋನೂ ಕೇಕ್ ಕಣ್ಣಿಗೆ ಒಂದೇ ಯಂತ್ರ, ಪಾಲು ಹಂಚಿಕೆ ತಪ್ಪುತ್ತದೆ.

ಅಗ್ಗದ ರೌಟರ್‌ನ ಪ್ರೊಸೆಸರ್ ಕೆಲವು ನೂರು ಎಂಬಿಪಿಎಸ್‌ಗೇ ಏದುಸಿರು ಬಿಡಬಹುದು. ಆಗ ಅಪ್‌ಲೋಡ್‌ಗಷ್ಟೇ ಕೇಕ್ ಹಾಕಿ. ಮೊದಲು ಕಟ್ಟಿಕೊಳ್ಳುವುದು ಹೆಚ್ಚಾಗಿ ಆ ಕಡೆಯೇ.

ಫೈಬರ್ ಎಳೆಯದ ಹಳ್ಳಿಗಳದು ಬೇರೆ ಪಾಡು. ಸಾವನದುರ್ಗದ ಮಗ್ಗುಲಲ್ಲೋ ಕನಕಪುರದ ಕಾಡಂಚಲ್ಲೋ 4ಜಿ ಸಿಮ್ ಹಾಕಿದ ರೌಟರ್ ನಂಬಿಕೊಂಡಿದ್ದರೆ, ಮಧ್ಯಾಹ್ನದ ವೇಗ ಸಂಜೆಗಿರುವುದಿಲ್ಲ. ಒಂದೇ ಮಿತಿ ಗಟ್ಟಿ ಹಿಡಿದರೆ ಒಂದು ಹೊತ್ತು ವೇಗ ದಂಡ, ಇನ್ನೊಂದು ಹೊತ್ತು ಸಾಲು ಮತ್ತೆ ಟವರ್ ಕಡೆಗೆ. ಅಲ್ಲಿಗೆ 'ಕೇಕ್-ಆಟೊರೇಟ್' ಎಂಬ ಸ್ಕ್ರಿಪ್ಟ್ ಇದೆ. ಅದು ಪಿಂಗ್ ನೋಡುತ್ತಾ ಮಿತಿಯನ್ನು ತಾನೇ ಏರಿಳಿಸುತ್ತದೆ. ಫೈಬರ್‌ನಷ್ಟು ನಯ ನಿರೀಕ್ಷಿಸಬೇಡಿ. ಕನಿಷ್ಠ ಮಿತಿಯನ್ನು ಮಾತ್ರ ಸಂಜೆ ಏಳೂವರೆಗೆ, ಊರೆಲ್ಲ ಫೋನ್ ಹಿಡಿದು ಕೂತಾಗ, ಅಳೆದೇ ಗೊತ್ತು ಮಾಡಿ.